ಶಂಟಿಂಗ್ ಎಂಜಿನ್ ಕಲಿಸುವ ಪಾಠ

ರೈಲುಗಾಡಿಯೆಂದೊಡನೆ ಜನರ ಕಣ್ಣ ಮುಂದೆ ನಿಲ್ಲುವುದು ಶರವೇಗದಿಂದ ಧಾವಿಸುವ ಎಕ್ಸ್‌ಪ್ರೆಸ್ ಗಾಡಿ. ಅದರ ಡಬ್ಬಿಗಳನ್ನು ಒಂದೊಂದಾಗಿ ಎಳೆದು, ತಳ್ಳಿ, ಕ್ರಮವಾಗಿ ಜೋಡಿಸಿಕೊಟ್ಟು ಹಿಂದೆ ಸರಿಯುವ ಶಂಟಿಂಗ್ ಎಂಜಿನ್ನನ್ನು ನೆನೆಯುವವರು ವಿರಳ. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿಯೂ ಇದೇ ಪಕ್ಷಪಾತ ಕಾಣುತ್ತದೆ. ಪೇಟೆಯಿಂದ ತಂದ ಆಟಿಕೆಯ ಎಕ್ಸ್‌ಪ್ರೆಸ್ ವರ್ತುಲಾಕಾರವಾಗಿ ಸುತ್ತುತ್ತಿರುತ್ತದೆ. ಬಾಲಕರು ಎರಡು ಸುತ್ತು ನೋಡಿ ಮುಂದೆ ಸಾಗುತ್ತಾರೆ. ವಿದ್ಯಾರ್ಥಿಯ ಬುದ್ಧಿಗೆ ಕೆಲಸ ಕೊಡಬೇಕೆಂದರೆ ಶಾಲೆಯಲ್ಲಿ ಇರತಕ್ಕದ್ದು ಓಡುವ ಗಾಡಿಯ ಮಾದರಿಯಲ್ಲ, ಗಾಡಿಯನ್ನು ಅಣಿಗೊಳಿಸುವ ಎಂಜಿನ್ನಿನ ಮಾದರಿ.

ಈ ಮಾತನ್ನಾಡಲು ಹುಬ್ಬಳ್ಳಿಗಿಂತ ತಕ್ಕ ಸ್ಥಳ ಮತ್ತೊಂದಿಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿಯು ೧೮೮೫ರಲ್ಲಿ ಇಲ್ಲಿ ಕಾರ್ಖಾನೆಯನ್ನು ತೆರೆಯಿತು. ಅಂದಿನಿಂದ ಕಬ್ಬಿಣದ ಕೆಲಸವು ಈ ಊರಿನ ಎಷ್ಟೋ ಮನೆತನಗಳ ಅನ್ನಕ್ಕೆ ಆಧಾರವಾಗಿದೆ. ೨೦೦೩ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರಕಚೇರಿ ಇಲ್ಲಿಗೆ ಬಂದಿತು. ೨೦೨೦ರಲ್ಲಿ ರೈಲ್ವೆ ವಸ್ತುಸಂಗ್ರಹಾಲಯವೂ ತೆರೆಯಿತು.

ಶಂಟಿಂಗ್ ಎಂಜಿನ್ನಿಗೆ ವೇಗ ಭೂಷಣವಲ್ಲ. ನಿಂತಲ್ಲಿಂದಲೇ ಭಾರವನ್ನು ಕದಲಿಸುವ ಸೆಳೆತ, ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಚಲಿಸುವ ಸಾಮರ್ಥ್ಯ, ತಿರುವಿನ ಹಳಿಯಲ್ಲಿ ನುಸುಳುವ ಚಾತುರ್ಯ, ಇವೇ ಅದರ ಗುಣಗಳು. ಚಿತ್ತರಂಜನದಲ್ಲಿ ತಯಾರಾದ ‘ಡಬ್ಲ್ಯೂ ಡಿ ಎಸ್ ೪’ ಎಂಜಿನ್ನಿನ ಶಕ್ತಿ ಸುಮಾರು ೭೦೦ ಅಶ್ವಶಕ್ತಿ ಮಾತ್ರ. ಆದರೆ ಅದರ ಮೂರು ಅಚ್ಚುಗಳ ಚಕ್ರಗಳನ್ನು ಉಕ್ಕಿನ ದಂಡಗಳು ಒಂದಕ್ಕೊಂದು ಬಂಧಿಸಿರುವುದರಿಂದ ಒಂದು ಜೊತೆ ಚಕ್ರವು ತಾನೊಂದೇ ಜಾರಲಾರದು. ಅನಂತರದ ‘ಡಬ್ಲ್ಯೂ ಡಿ ಎಸ್ ೬’ ಇದಕ್ಕೆ ಸುಮಾರು ಇಮ್ಮಡಿ ಬಲವುಳ್ಳದ್ದು. ಈ ಹೆಸರುಗಳೂ ಅರ್ಥಗರ್ಭಿತವಾದುವೇ. ಡಬ್ಲ್ಯೂ ಅಗಲ ಹಳಿಯನ್ನು, ಡಿ ಡೀಸೆಲನ್ನು, ಎಸ್ ಶಂಟಿಂಗನ್ನು ಸೂಚಿಸುತ್ತವೆ.

ಇಂತಹ ಎಂಜಿನ್ನಿನ ಮಾದರಿಯನ್ನು ಅಂಗಡಿಯಿಂದ ಕೊಂಡರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಪರದೇಶಗಳಲ್ಲಿ ಬಹುವಾಗಿ ಮಾರಾಟವಾಗುವ ಮಾದರಿಗಳು ನಿಜದ ಎಂಬತ್ತೇಳನೆಯ ಒಂದಂಶವಾಗಿದ್ದು, ಅವುಗಳ ಹಳಿಯ ಅಗಲ ೧೬.೫ ಮಿಲಿಮೀಟರ್. ಅದನ್ನು ೮೭ರಿಂದ ಗುಣಿಸಿದರೆ ಯುರೋಪು, ಅಮೆರಿಕಗಳಲ್ಲಿ ರೂಢಿಯಲ್ಲಿರುವ ೧೪೩೫ ಮಿಲಿಮೀಟರಿನ ಹಳಿ ಸಿಕ್ಕುತ್ತದೆ. ಹುಬ್ಬಳ್ಳಿಯ ಹಳಿ ಅದಲ್ಲ. ಇಲ್ಲಿ ಮೊದಲಿದ್ದುದು ೧೦೦೦ ಮಿಲಿಮೀಟರಿನ ಮೀಟರ್ ಗೇಜ್. ೧೯೯೦ರ ದಶಕದಲ್ಲಿ ಅದರ ಸ್ಥಾನಕ್ಕೆ ೧೬೭೬ ಮಿಲಿಮೀಟರಿನ ಬ್ರಾಡ್ ಗೇಜ್ ಬಂದಿತು. ಅದೇ ಪ್ರಮಾಣದಲ್ಲಿ ಮೊದಲನೆಯದಕ್ಕೆ ಸುಮಾರು ೧೧.೫, ಎರಡನೆಯದಕ್ಕೆ ಸುಮಾರು ೧೯.೩ ಮಿಲಿಮೀಟರ್ ಬೇಕು. ಆದುದರಿಂದ ವಿದ್ಯಾರ್ಥಿಗಳು ತಮ್ಮೂರಿನ ಎಂಜಿನ್ನನ್ನು ತಾವೇ ಅಳೆದು, ತಾವೇ ಲೆಕ್ಕ ಹಾಕಿ, ತಾವೇ ಮಾಡತಕ್ಕದ್ದು. ಅಳತೆ ಸತ್ಯವಾಗಿದ್ದರೆ ಮಾದರಿ. ಇಲ್ಲವಾದರೆ ಅದು ಬರಿಯ ಆಟಿಕೆ.

ಎಂಜಿನ್ ಸಿದ್ಧವಾದ ಬಳಿಕ ಅದಕ್ಕೊಂದು ಪುಟ್ಟ ಯಾರ್ಡು ಬೇಕು. ಇಂಗ್ಲೆಂಡಿನ ಅಲನ್ ರೈಟ್ ಎಂಬವರು ರಚಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ವಿನ್ಯಾಸ ಇದಕ್ಕೆ ಮೇಲ್ಪಂಕ್ತಿಯಾಗಬಲ್ಲುದು. ಮೂರು ಕುರುಡು ಹಳಿಗಳಲ್ಲಿ ಒಂದು ಐದು ವ್ಯಾಗನ್ನುಗಳನ್ನು, ಉಳಿದೆರಡು ಮೂರು ಮೂರನ್ನು ಹಿಡಿಯುತ್ತವೆ. ಎಂಜಿನ್ ಒಮ್ಮೆಗೆ ಮೂರು ವ್ಯಾಗನ್ನುಗಳೊಡನೆ ಮಾತ್ರ ಹೊರಬರಬಲ್ಲುದು. ಎಂಟು ವ್ಯಾಗನ್ನುಗಳಿಂದ ಚೀಟಿಯೆತ್ತಿ ಐದನ್ನು ಆರಿಸಿ, ಚೀಟಿ ಹೇಳಿದ ಕ್ರಮದಲ್ಲಿಯೇ ನಿಲ್ಲಿಸಬೇಕು. ಸಾಧ್ಯವಿರುವ ಕ್ರಮಗಳು ೬೭೨೦! ಎಕ್ಸ್‌ಪ್ರೆಸ್ಸಿನ ವರ್ತುಲವು ಎರಡು ನಿಮಿಷದಲ್ಲಿ ಬೇಸರ ತರಿಸಿದರೆ ಈ ಪುಟ್ಟ ಹಲಗೆಯು ವರ್ಷವಿಡೀ ಹೊಸ ಸಮಸ್ಯೆಯನ್ನು ಒಡ್ಡುತ್ತದೆ.

ಶಂಟಿಂಗಿನ ಕಾಲವೇ ಮುಗಿಯುತ್ತ ಬಂದಿದೆಯಲ್ಲ ಎಂಬ ಆಕ್ಷೇಪ ನಿರಾಧಾರವಾದುದೇನಲ್ಲ. ೨೦೨೩ರಲ್ಲಿ ಧಾರವಾಡ, ಬೆಂಗಳೂರುಗಳ ನಡುವೆ ಆರಂಭವಾದ ವಂದೇ ಭಾರತ್ ಗಾಡಿಗೆ ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಯಿದೆ. ತುದಿನಿಲ್ದಾಣದಲ್ಲಿ ಎಂಜಿನ್ನನ್ನು ಬಿಚ್ಚಿ ಕಟ್ಟುವ ಪ್ರಮೇಯವೇ ಅದಕ್ಕಿಲ್ಲ. ಆದರೆ ಕುರುಡು ಹಳಿಯಲ್ಲಿ ಕೊನೆಗೆ ಒಳಹೊಕ್ಕ ವ್ಯಾಗನ್ ಮೊದಲು ಹೊರಬರಬೇಕೆಂಬ ನಿಯಮವು ಯಾರ್ಡಿನೊಡನೆ ಅಳಿಯುವಂಥದಲ್ಲ. ಗಣಕಯಂತ್ರದ ಸ್ಮೃತಿಯಲ್ಲಿ ಅಂಶಗಳನ್ನು ಪೇರಿಸುವ ಒಂದು ಕ್ರಮವೂ ಇದೇ. ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ವಿದ್ವಾಂಸರು ೧೯೬೮ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಆ ಕ್ರಮವನ್ನು ವಿಶದಪಡಿಸಲು ಆರಿಸಿಕೊಂಡದ್ದು ರೈಲ್ವೆ ಹಳಿಗಳ ದೃಷ್ಟಾಂತವನ್ನೇ. ಗಣಕ ಕಲಿಯುವ ಇಂದಿನ ಬಾಲಕನಿಗೆ ಶಂಟಿಂಗ್ ಹಳೆಯ ಮಾತಲ್ಲ, ಮೊದಲ ಪಾಠ.

ಆದುದರಿಂದ ದಾನಿಗಳು ಗಾಜಿನ ಪೆಟ್ಟಿಗೆಯೊಳಗಿನ ಬೆಲೆಬಾಳುವ ಗಾಡಿಯನ್ನು ಶಾಲೆಗೆ ಅರ್ಪಿಸುವುದಕ್ಕಿಂತ, ಹಲಗೆ, ಗರಗಸ, ಅಳತೆಪಟ್ಟಿಗಳನ್ನು ಒದಗಿಸುವುದು ಶ್ರೇಯಸ್ಕರ. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆರಡು ದಿನ ಬಂದು, ಕೊಕ್ಕೆ ಸಿಕ್ಕಿಸುವ ಬಗೆಯನ್ನೂ ಕೈದೀಪದ ಸಂಜ್ಞೆಯನ್ನೂ ಹೇಳಿಕೊಟ್ಟರೆ ಅದು ಧನಕ್ಕಿಂತ ಮಿಗಿಲಾದ ದಾನ. ಅಧ್ಯಾಪಕರು ಗಣಿತದ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಲಿ. ಆ ಕೈಗಳು ಬಲ್ಲ ವಿದ್ಯೆಯು ಅವರೊಡನೆಯೇ ಮರೆಯಾಗುವ ಮುನ್ನ ಈ ಕಾರ್ಯ ನಡೆಯಬೇಕು.