ಐದು ಸ್ಟಾರ್ ಕೊಟ್ಟವರು ಯಾರು?

ಹೋದ ತಿಂಗಳು ಒಂದು ಭಾನುವಾರ. ಬೆಳಗಿನ ಕಾಫಿ ಲೋಟ ಇನ್ನೂ ಕೈಲಿತ್ತು, ತಿಪಟೂರಿನಿಂದ ಚಿಕ್ಕಮ್ಮನ ಮಗನ ಫೋನು. ಬಿಸಿಎ ಮುಗಿಸಿ ಎಂಟು ತಿಂಗಳಾಗಿದೆ, ಕೆಲಸ ಹುಡುಕ್ತಿದಾನೆ.

"ಅಕ್ಕಾ, ಒಂದೇ ಮಾತಲ್ಲಿ ಹೇಳಿಬಿಡು. ಫ್ಲಟರ್ ಕಲೀಲಾ, ರಿಯಾಕ್ಟ್ ನೇಟಿವ್ ಕಲೀಲಾ? ನಾಳೆ ಸಂಜೆಯೊಳಗೆ ಫೀಸ್ ಕಟ್ಟಿದ್ರೆ ಡಿಸ್ಕೌಂಟ್ ಅಂತೆ."

"ಫೀಸ್ ಎಷ್ಟೋ?"

"ಡಿಸ್ಕೌಂಟ್ ಹೋಗಿ 42 ಸಾವಿರ. ಅಪ್ಪ ಕೊಬ್ಬರಿ ಮಾರಿದ ದುಡ್ಡು ಎತ್ತಿಟ್ಟಿದಾರೆ."

ನಂಗೆ ಕಾಫಿ ಗಂಟಲಲ್ಲೇ ನಿಂತಿತು. ಉಂಡೆ ಕೊಬ್ಬರಿ ಅಂದ್ರೆ ಸುಮ್ನೆ ಅಲ್ಲ. ಕಾಯಿ ಕೀಳಿಸಿ, ಅಟ್ಟಕ್ಕೆ ಹಾಕಿ, ಹೆಚ್ಚುಕಮ್ಮಿ ಒಂದು ವರ್ಷ ಕಾದ ಮೇಲೆ ಕೈಗೆ ಬರೋ ದುಡ್ಡು ಅದು.

ಈ ಹೆಸರುಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಆಂಡ್ರಾಯ್ಡ್‌ಗೆ ಒಂದು, ಐಫೋನ್‌ಗೆ ಇನ್ನೊಂದು ಅಂತ ಆ್ಯಪ್ ಎರಡು ಸಲ ಬರೆಯೋ ಬದಲು ಒಂದೇ ಸಲ ಬರೆದು ಎರಡರಲ್ಲೂ ಓಡಿಸೋಕೆ ಇರುವ ವೇದಿಕೆಗಳಿವು. ರಿಯಾಕ್ಟ್ ನೇಟಿವ್ ಹುಟ್ಟಿದ್ದು ಫೇಸ್‌ಬುಕ್ ಕಂಪನಿಯಲ್ಲಿ, 2015ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು, ಬರೆಯೋದು ಜಾವಾಸ್ಕ್ರಿಪ್ಟ್‌ನಲ್ಲಿ. ಫ್ಲಟರ್ ಗೂಗಲ್‌ನದು, ಮೊದಲ ಪೂರ್ಣ ಆವೃತ್ತಿ ಬಂದದ್ದು 2018ರ ಡಿಸೆಂಬರ್‌ನಲ್ಲಿ, ಭಾಷೆ ಡಾರ್ಟ್.

"ಅಲ್ಲಾ ಕಣೋ, ಬಳಸಿದವರು ಏನಂತಾರೆ ನೋಡಿದ್ಯಾ?" ಅಂದೆ.

"ಅದೇ ಅಕ್ಕಾ ತೊಂದರೆ! ಒಬ್ಬ ಫ್ಲಟರ್ ಸ್ವರ್ಗ ಅಂತಾನೆ, ಇನ್ನೊಬ್ಬ ಹತ್ತಿರಕ್ಕೂ ಹೋಗ್ಬೇಡ ಅಂತಾನೆ. ಓದಿದಷ್ಟೂ ತಲೆ ಕೆಡ್ತಿದೆ. ಕೊನೆಗೆ ಸ್ಟಾರ್ ಎಣಿಸಿದೆ. ಗಿಟ್‌ಹಬ್‌ನಲ್ಲಿ ಫ್ಲಟರ್‌ಗೇ ಜಾಸ್ತಿ. ಅದನ್ನೇ ಕಲೀಲಾ?"

"ನಾಳೆ ಕಟ್ಬೇಡ. ಎರಡು ವಾರ ಕೊಡು" ಅಂದೆ. ಹಾಗೆ ಅನ್ನೋಕೆ ಕಾರಣ ಇತ್ತು. ಸ್ಟಾರ್ ಎಣಿಸಿ ನಾನು ಒಮ್ಮೆ ಕೈ ಸುಟ್ಟುಕೊಂಡಿದೀನಿ.

ಹಿಂದೆ ಒಂದು ಸಣ್ಣ ಕಂಪನಿಯಲ್ಲಿದ್ದೆ, ನಾಲ್ಕೇ ಜನರ ಟೀಮು. ಹಳ್ಳಿ ಹಳ್ಳಿಗೆ ಹೋಗಿ ಫೋಟೊ ತೆಗೆದು, ಸಿಗ್ನಲ್ ಬಂದಾಗ ಕಳಿಸುವ ಸಿಬ್ಬಂದಿಗೆ ಒಂದು ಆ್ಯಪ್ ಬೇಕಿತ್ತು. ಯಾವ ವೇದಿಕೆ ಅಂತ ಆರಿಸಿದ್ದು ನಾನೇ. ರೇಟಿಂಗ್ ಚೆನ್ನಾಗಿತ್ತು, ಹೊಗಳಿಕೆ ಬೇಕಾದಷ್ಟಿತ್ತು. ಐದು ತಿಂಗಳು ಕೆಲಸ ಮಾಡಿದ ಮೇಲೆ ಗೊತ್ತಾಯ್ತು, ಹಳೇ ಫೋನುಗಳಲ್ಲಿ ಕ್ಯಾಮೆರಾ ತೆರೆದ ಕೂಡಲೇ ಆ್ಯಪ್ ಬಿದ್ದುಹೋಗುತ್ತೆ. ನಾವು ನೆಚ್ಚಿಕೊಂಡಿದ್ದ ಕ್ಯಾಮೆರಾ ಪ್ಲಗಿನ್‌ ಬರೆದವರು ಅದನ್ನು ಕೈಬಿಟ್ಟು ವರ್ಷವಾಗಿತ್ತು. ಇದೇ ದೂರನ್ನು ಹತ್ತಾರು ಜನ ಅಲ್ಲೇ ಬರೆದಿಟ್ಟಿದ್ರು. ನಾನು ಆ ಪುಟ ತೆರೆದೇ ಇರಲಿಲ್ಲ.

ಅರ್ಧ ಆ್ಯಪ್ ಮತ್ತೆ ಬರೆದೆವು. ರಿಲೀಸ್ ತಪ್ಪಿದ್ದಕ್ಕೆ ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿಯ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಯ್ತು. ಆರಿಸಿದ್ದು ನಾನು, ಅನುಭವಿಸಿದ್ದು ಅವಳು. ಇವತ್ತಿಗೂ ಅವಳ ಮೆಸೇಜ್ ಬಂದರೆ ಒಳಗೆ ಒಂಥರಾ ಆಗುತ್ತೆ.

ಇದಾದ ಮೇಲೆ ರಜೆಗೆ ಊರಿಗೆ ಹೋದಾಗ ಅಮ್ಮ ಹೊಸ ಗ್ರೈಂಡರ್ ತಗೊಳ್ಳೋ ತಯಾರಿಯಲ್ಲಿದ್ರು. ಬೀದಿಯಲ್ಲಿ ಮೂರು ಮನೆಗೆ ಹೋಗಿ ವಿಚಾರಿಸಿದ್ರು, ನಾನೂ ಜೊತೆಗಿದ್ದೆ. ಅಮ್ಮ ಒಬ್ಬರನ್ನೂ "ಚೆನ್ನಾಗಿದ್ಯಾ?" ಅಂತ ಕೇಳಲಿಲ್ಲ. ಕೇಳಿದ್ದು ಮೂರೇ ಪ್ರಶ್ನೆ. "ನಿಮ್ಮನೇಲಿ ಎಷ್ಟು ಜನಕ್ಕೆ ರುಬ್ತೀರಿ? ತಗೊಂಡು ಎಷ್ಟು ವರ್ಷ ಆಯ್ತು? ಕೆಟ್ರೆ ರಿಪೇರಿಗೆ ಎಲ್ಲಿಗೆ ಕೊಡ್ತೀರಿ?"

ತಮ್ಮನಿಗೆ ಇದೇ ಮೂರು ಪ್ರಶ್ನೆ ಕೊಟ್ಟೆ.

ಮೊದಲನೇದು, ಎಷ್ಟು ಜನಕ್ಕೆ ರುಬ್ತೀರಿ. ಏರ್‌ಬಿಎನ್‌ಬಿ ಕಂಪನಿ 2016ರಲ್ಲಿ ರಿಯಾಕ್ಟ್ ನೇಟಿವ್ ಬಳಸೋಕೆ ಶುರು ಮಾಡಿ 2018ರಲ್ಲಿ ಬಿಡ್ತೀವಿ ಅಂತ ಘೋಷಿಸಿತು. ಆಗ ಎಷ್ಟೋ ಜನ "ಮುಗೀತು, ಇದರ ಕಥೆ" ಅಂದುಕೊಂಡ್ರು. ಆದರೆ ಆ ಕಂಪನಿಯೇ ತನ್ನ ಎಂಜಿನಿಯರ್‌ಗಳನ್ನು ಕೇಳಿ ಪ್ರಕಟಿಸಿದ ಅಂಕಿ ನೋಡಿ. ಶೇ 63 ಮಂದಿ ಅವಕಾಶ ಸಿಕ್ಕಿದ್ರೆ ಮತ್ತೆ ಇದನ್ನೇ ಆರಿಸ್ತಿದ್ವಿ ಅಂದಿದ್ರು, ಹೊಸ ಪ್ರಾಜೆಕ್ಟ್‌ಗೆ ಪರಿಗಣಿಸ್ತೀವಿ ಅಂದವರು ಶೇ 74. ಬಳಸಿದವರಲ್ಲಿ ಹೆಚ್ಚಿನವರಿಗೆ ಇಷ್ಟವಾಗಿತ್ತು, ಆದರೂ ಕಂಪನಿ ಬಿಟ್ಟಿತು! ಅವರ ಹತ್ತಿರ ಆಗಲೇ ಎರಡು ದೊಡ್ಡ ಆ್ಯಪ್ ಇದ್ದವು. ಅದರೊಳಗೆ ಇದನ್ನು ಸೇರಿಸಿದ್ದರಿಂದ ಎರಡರ ಬದಲು ಮೂರನ್ನು ಸಾಕಬೇಕಾಯ್ತು.

2020ರ ಜನವರಿಯಲ್ಲಿ ಶಾಪಿಫೈ ಕಂಪನಿ ಇದಕ್ಕೆ ಉಲ್ಟಾ ಹೇಳಿತು. ನಮ್ಮ ಹೊಸ ಮೊಬೈಲ್ ಆ್ಯಪ್‌ಗಳು ಇನ್ನು ರಿಯಾಕ್ಟ್ ನೇಟಿವ್‌ನಲ್ಲೇ ಅಂತ. ಗ್ರೈಂಡರ್ ಅದೇ, ಮನೆ ಬೇರೆ. ಹಾಗಾಗಿ ಅಭಿಪ್ರಾಯ ಓದುವಾಗ ಬರೆದವರ ಟೀಮ್ ಎಷ್ಟು ದೊಡ್ಡದು, ಅವರು ಹೊಸದಾಗಿ ಕಟ್ಟಿದ್ರಾ ಅಥವಾ ಹಳೇದಕ್ಕೆ ಸೇರಿಸಿದ್ರಾ ಅನ್ನೋದನ್ನ ಮೊದಲು ಹುಡುಕಬೇಕು.

ಎರಡನೇದು, ಎಷ್ಟು ವರ್ಷ ಆಯ್ತು. ಕೋಡ್‌ನಲ್ಲಿ ಒಂದು ಬಣ್ಣ ಬದಲಾಯಿಸಿದ್ರೆ ಕ್ಷಣದಲ್ಲೇ ಫೋನ್ ತೆರೆ ಮೇಲೆ ಬದಲಾಗುತ್ತೆ. ಮೊದಲ ವಾರ ಬಳಸಿದವರು ಇದನ್ನು ನೋಡಿಯೇ ಐದು ಸ್ಟಾರ್ ಕೊಡ್ತಾರೆ. ಅವರ ಖುಷಿ ಸುಳ್ಳಲ್ಲ. ಆದರೆ ಹೊಸ ಆವೃತ್ತಿಗೆ ಏರಿಸುವಾಗ ಏನೇನು ಮುರಿಯುತ್ತೆ ಅನ್ನೋದು ಎರಡು ವರ್ಷ ಬಾಳಿಸಿದವರಿಗೇ ಗೊತ್ತು.

ಹಳೇ ಬೈಗುಳಕ್ಕೂ ತಾರೀಖು ನೋಡ್ಬೇಕು. ರಿಯಾಕ್ಟ್ ನೇಟಿವ್ ನಿಧಾನ ಅನ್ನೋ ಎಷ್ಟೋ ದೂರು ಅದರ ಹಳೇ ಒಳರಚನೆಯ ಕಾಲದ್ದು. 2024ರ ಅಕ್ಟೋಬರ್‌ನಲ್ಲಿ ಬಂದ 0.76ನೇ ಆವೃತ್ತಿಯಿಂದ ಹೊಸ ಒಳರಚನೆಯೇ ತಾನಾಗಿ ಚಾಲೂ ಇರುತ್ತೆ. 2019ರ ಸಿಟ್ಟನ್ನ ಇವತ್ತಿನ ತೂಕಕ್ಕೆ ಹಾಕೋದು ಸರಿಯಲ್ಲ.

ಮೂರನೇದು, ಕೆಟ್ರೆ ರಿಪೇರಿ ಎಲ್ಲಿ. ನಾನು ಎಡವಿದ್ದು ಇಲ್ಲೇ. ಆ್ಯಪ್ ಅಂದ್ರೆ ಬರೀ ವೇದಿಕೆಯಲ್ಲ. ಕ್ಯಾಮೆರಾ, ಮ್ಯಾಪ್, ಪೇಮೆಂಟ್ ಹೀಗೆ ಒಂದೊಂದಕ್ಕೂ ಯಾರೋ ಬರೆದ ಪ್ಲಗಿನ್ ಬೇಕು. ನಿಮಗೆ ಬೇಕಾದ ನಾಲ್ಕೈದರ ಹೆಸರು ಪಟ್ಟಿ ಮಾಡಿ. ಒಂದೊಂದೂ ಕಡೇ ಸಲ ಅಪ್‌ಡೇಟ್ ಆಗಿದ್ದು ಯಾವಾಗ, ಬಂದ ದೂರಿಗೆ ಬರೆದವರು ಉತ್ತರ ಕೊಡ್ತಿದಾರಾ ನೋಡಿ. ಹೊಗಳಿಕೆಗಿಂತ ಈ ದೂರಿನ ಪುಟವೇ ಹೆಚ್ಚು ಹೇಳುತ್ತೆ.

"ಹಾಗಾದ್ರೆ ಸರ್ವೆ ಎಲ್ಲಾ ಸುಳ್ಳಾ ಅಕ್ಕಾ?" ಅಂತ ಕೇಳ್ದ. ಸುಳ್ಳಲ್ಲ ಕಣೋ, ಪ್ರಶ್ನೆ ಏನು ಅಂತ ನೋಡಿ ಓದ್ಬೇಕು. ಸ್ಟ್ಯಾಕ್ ಓವರ್‌ಫ್ಲೋ ಪ್ರತಿ ವರ್ಷ ಡೆವಲಪರ್‌ಗಳ ಸಮೀಕ್ಷೆ ಮಾಡುತ್ತೆ. 2024ರಲ್ಲಿ 65 ಸಾವಿರಕ್ಕೂ ಹೆಚ್ಚು ಜನ ಉತ್ತರ ಕೊಟ್ರು. ಬಳಸಿದವರು ಅತಿ ಹೆಚ್ಚು ಮೆಚ್ಚಿದ ಭಾಷೆ ರಸ್ಟ್, ಶೇ 83. ಅದನ್ನು ಬಳಸಿದವರು ಮಾತ್ರ ಸುಮಾರು ಎಂಟರಲ್ಲಿ ಒಬ್ಬರು. ಜಾವಾಸ್ಕ್ರಿಪ್ಟ್ ಬಳಸಿದವರು ಶೇ 62. ಮೆಚ್ಚುಗೆ ಬೇರೆ, ಬಳಕೆ ಬೇರೆ. ನಮ್ಮ ಫ್ಲಟರ್ ಮತ್ತು ರಿಯಾಕ್ಟ್ ನೇಟಿವ್ ಎರಡೂ ಅಲ್ಲಿ ಶೇ 10ರ ಒಳಗೆ, ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಅದನ್ನ ನೋಡಿ 42 ಸಾವಿರ ಕಟ್ಟೋ ಹಾಗಿಲ್ಲ.

ಇಬ್ಬರೂ ಸೇರಿ ಎರಡು ವಾರಕ್ಕೆ ಒಂದು ಲೆಕ್ಕ ಹಾಕಿಕೊಂಡೆವು. ಎರಡನ್ನೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು, ಇಬ್ಬರ ಅಧಿಕೃತ ಪಾಠಗಳೂ ಬಿಟ್ಟಿ. ಒಂದೇ ಸಣ್ಣ ಆ್ಯಪ್ ಎರಡರಲ್ಲೂ ಕಟ್ಟು ಅಂದೆ. ಚಿಕ್ಕಪ್ಪನ ಕೊಬ್ಬರಿ ಲೆಕ್ಕದ ಆ್ಯಪ್: ತಾರೀಖು, ತೂಕ, ದರ, ಚೀಟಿಯ ಫೋಟೊ. ಜೊತೆಗೆ ಅವನ ಕಾಲೇಜಿನ ಸೀನಿಯರ್‌ಗಳಲ್ಲಿ ಕೆಲಸ ಮಾಡ್ತಿರೋ ಮೂವರಿಗೆ ಫೋನ್ ಮಾಡಿ ಅಮ್ಮನ ಮೂರು ಪ್ರಶ್ನೆ ಕೇಳೋದು. ಅವನಿಗೆ ಸೇರೋ ಆಸೆ ಇರೋ ಊರಲ್ಲಿ ಯಾವುದಕ್ಕೆ ಕೆಲಸ ಕರೀತಿದಾರೆ ಅಂತ ಜಾಹೀರಾತು ಎಣಿಸೋದು.

ಎರಡು ವಾರ ಬಿಟ್ಟು ಮೆಸೇಜ್ ಬಂತು, ಉದ್ದಕ್ಕೆ. ಫ್ಲಟರ್‌ನಲ್ಲಿ ಅಂದವಾದ ತೆರೆ ಕಟ್ಟೋಕೆ ಸುಲಭವಾಯ್ತಂತೆ, ಪಾಠಗಳೂ ಅಚ್ಚುಕಟ್ಟು. ಆದರೆ ಕಾಲೇಜ್ ಪ್ರಾಜೆಕ್ಟ್‌ನಲ್ಲೇ ಜಾವಾಸ್ಕ್ರಿಪ್ಟ್ ಬರೆದಿದ್ದರಿಂದ ರಿಯಾಕ್ಟ್ ನೇಟಿವ್‌ನಲ್ಲಿ ಕೈ ಬೇಗ ಓಡಿತಂತೆ. ಅವನು ನೋಡಿದ ಜಾಹೀರಾತುಗಳಲ್ಲಿ ಬರೀ ರಿಯಾಕ್ಟ್ ಗೊತ್ತಿದ್ರೂ ಸಾಕು ಅನ್ನೋ ವೆಬ್ ಕೆಲಸಗಳೂ ಇದ್ದವು. ಹಾಗಾಗಿ ರಿಯಾಕ್ಟ್ ನೇಟಿವ್ ಅಂತ ತೀರ್ಮಾನ. ಡಾರ್ಟ್ ಆಗಲೇ ಕಲಿತವರೋ, ಫ್ಲಟರ್ ಟೀಮ್ ಇರೋ ಆಫೀಸಿನವರೋ ಇದೇ ಲೆಕ್ಕ ಹಾಕಿದ್ರೆ ಉತ್ತರ ಬೇರೆ ಬರಬಹುದು. ಬರಲಿ.

ಮೆಸೇಜ್ ಕೊನೆಗೆ ಒಂದು ಸಾಲಿತ್ತು: "ಕೋರ್ಸ್ ಸದ್ಯಕ್ಕೆ ಬೇಡ ಅಕ್ಕಾ. ಅಪ್ಪನ ದುಡ್ಡು ಅಪ್ಪನ ಹತ್ರಾನೇ ಇದೆ."

ಚಿಕ್ಕಪ್ಪ ಈಗ ಆ ಆ್ಯಪ್‌ನಲ್ಲೇ ಲೆಕ್ಕ ಬರೀತಿದಾರಂತೆ. ಮೊನ್ನೆ ಫೋನ್ ಮಾಡಿ, "ಅಕ್ಷರ ಸಣ್ಣ ಕಣಮ್ಮಾ, ಕನ್ನಡಕ ಹಾಕಿದ್ರೂ ಕಾಣಲ್ಲ, ನಿನ್ ತಮ್ಮಂಗೆ ಹೇಳು" ಅಂದ್ರು.

ತಮ್ಮನಿಗೆ ಬಂದ ಮೊದಲ ಬಳಕೆದಾರರ ಅಭಿಪ್ರಾಯ ಅದು. ಸ್ಟಾರ್ ಕೊಟ್ಟಿರಲಿಲ್ಲ. ಅವತ್ತು ರಾತ್ರಿಯೇ ಅಕ್ಷರ ದೊಡ್ಡದು ಮಾಡಿದ್ನಂತೆ.