ಎರಿ ಹೊಲದ ಟ್ರ್ಯಾಕ್ಟರಿಗೆ ಯಾವ ಪಿಸ್ಟನ್?

'ಹೆವಿ ಡ್ಯೂಟಿ ಡೀಸೆಲ್ ಇಂಜಿನ್ನಿಗೆ ಪಿಸ್ಟನ್ ಮಟೀರಿಯಲ್ ಆರಿಸಿ' ಅಂತ ಪ್ರಶ್ನೆ ಬಂದರೆ ನಾವು ಏನ್ ಮಾಡ್ತೀವಿ? ಟೇಬಲ್ ತೆಗೆದು, ಹೆಚ್ಚು ಸ್ಟ್ರೆಂತ್ ಇರೋದನ್ನ ಹುಡುಕಿ 'ಸ್ಟೀಲ್' ಅಂತ ಬರೀತೀವಿ. ಮಾರ್ಕ್ಸೂ ಬೀಳ್ತಾವೆ. ಆದರೆ ರೋಣ, ನರಗುಂದ, ಗಜೇಂದ್ರಗಡದಿಂದ ಬಂದ ನಮಗೆ ಈ ಉತ್ತರ ಅರ್ಧ ಮಾತ್ರ ಸರಿ ಅನಿಸುತ್ತದೆ.

ಪಿಸ್ಟನ್ನಿನ ಅಲ್ಯೂಮಿನಿಯಂನಲ್ಲಿ ಸಾಮಾನ್ಯವಾಗಿ ಸುಮಾರು 12% ಸಿಲಿಕಾನ್ ಇರುತ್ತದೆ. ಅದರ ಸಾಂದ್ರತೆ ಸ್ಟೀಲಿನ ಮೂರನೇ ಒಂದು ಭಾಗ. ಶಾಖವನ್ನೂ ಬೇಗ ಸಾಗಿಸುತ್ತದೆ. ಆದರೆ 300 ಡಿಗ್ರಿ ದಾಟಿದರೆ ಬಲ ಕುಸಿಯುತ್ತದೆ. ಹಾಗಾಗಿ ಸಿಲಿಂಡರಿನ ಒತ್ತಡ 200 ಬಾರ್ ದಾಟುವ ಇಂಜಿನ್ನಿಗೆ ಸ್ಟೀಲೇ ಸೈ. ಗಾಳಿಯಂತ್ರದ ಬಿಡಿಭಾಗ ಹೊತ್ತು ಗಜೇಂದ್ರಗಡದ ಗುಡ್ಡ ಏರುವ ಟ್ರೇಲರಿಗೆ ಅದು ಇರಲಿ, ನಮ್ಮ ತಕರಾರಿಲ್ಲ.

ಎರಿ ಹೊಲದ ಟ್ರ್ಯಾಕ್ಟರ್ ಕಥೆಯೇ ಬೇರೆ. ಸುಮಾರು 2000 ಆರ್‌ಪಿಎಂನಲ್ಲಿ ದುಡಿಯುವ 45 ಎಚ್‌ಪಿ ಇಂಜಿನ್ನಿನಲ್ಲಿ ಅಷ್ಟು ಒತ್ತಡ ಇರೋದಿಲ್ಲ. ಅಲ್ಲಿನ ದೊಡ್ಡ ವೈರಿ ಧೂಳು. ಅದರೊಳಗಿನ ಸಿಲಿಕಾ ಕಣ ಅಲ್ಯೂಮಿನಿಯಂಗಿಂತಲೂ, ಲೈನರಿನ ಬೀಡುಕಬ್ಬಿಣಕ್ಕಿಂತಲೂ ಗಟ್ಟಿ. ಮೇಲಿನ ರಿಂಗಿನ ಗಾಡಿ ಸವೆದು, ಕಂಪ್ರೆಷನ್ ಬಿದ್ದು, ಇಂಜಿನ್ ಆಯಿಲ್ ತಿನ್ನಲು ಶುರು ಮಾಡುತ್ತದೆ. ಇದಕ್ಕೆ ಮದ್ದು ಪೂರ್ತಿ ಸ್ಟೀಲ್ ಪಿಸ್ಟನ್ ಅಲ್ಲ; ಮೇಲಿನ ರಿಂಗ್ ಕೂಡುವ ಜಾಗದಲ್ಲಿ ನಿಕ್ಕಲ್ ಬೀಡುಕಬ್ಬಿಣದ ಬಳೆ ಸೇರಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಪಿಸ್ಟನ್.

'ಸ್ಟೀಲ್ ಹಾಕಿದ್ರೆ ಬಾಳಿಕೆ ಜಾಸ್ತಿ ಅಲ್ವಾ?' ಅನ್ನಬಹುದು. ಪಿಸ್ಟನ್ ಬದಲಾದರೆ ಕನೆಕ್ಟಿಂಗ್ ರಾಡ್, ಬ್ಯಾಲೆನ್ಸ್, ಆಯಿಲ್ ಕೂಲಿಂಗ್ ಎಲ್ಲದರ ಲೆಕ್ಕ ಮತ್ತೆ ಹಾಕಬೇಕು. ಮೇಲಾಗಿ ಧೂಳು ಒಳಗೆ ಬರ್ತಾನೇ ಇದ್ದರೆ ಲೈನರ್, ರಿಂಗು ಹೆಂಗೂ ಸವೆಯುತ್ತವೆ. ಅದಕ್ಕೇ ಊರಿನ ಮಿಸ್ತ್ರಿ ಮೊದಲು ಕೇಳೋದು, 'ತಮ್ಮಾ, ಏರ್ ಕ್ಲೀನರಿನ ಆಯಿಲ್ ಯಾವಾಗ ಬದಲಿ ಮಾಡೀರಿ?'

ಹಿಂಗಾರಿಯಲ್ಲಿ ಕಡಲೆ ಬಿತ್ತಲು ಹದ ಸಿಗುವುದು ಕೆಲವೇ ದಿನ. ಸಾಮಾನು ಬರಲಿ ಅಂತ ಟ್ರ್ಯಾಕ್ಟರ್ ಎಂಟು ದಿನ ಶೆಡ್ಡಿನಲ್ಲಿ ನಿಂತರೆ ಹದ ಆರುತ್ತದೆ, ಹಂಗಾಮೇ ಕೈಬಿಡುತ್ತದೆ. ಒತ್ತಡ, ಉಷ್ಣತೆಗಳ ಪಕ್ಕದಲ್ಲಿ 'ಧೂಳು ಎಷ್ಟು? ಸಾಮಾನು ಎಲ್ಲಿ ಸಿಗುತ್ತದೆ? ರಿಪೇರಿ ಮಾಡೋರು ಯಾರು?' ಎನ್ನುವ ಪ್ರಶ್ನೆಗಳೂ ನಮ್ಮ ಡಿಸೈನಿನಲ್ಲಿ ಇರಬೇಕು ಎಂಬುದು ನಮ್ಮ ವಾದ.

ಈ ಸಲ ರಜೆಗೆ ಊರಿಗೆ ಹೋದಾಗ ಒಂದು ತಾಸು ವರ್ಕ್‌ಶಾಪಿನಲ್ಲಿ ಕೂರೋಣ. ಮೂಲೆಗೆ ಬಿದ್ದ ಹಳೇ ಪಿಸ್ಟನ್ ಕೈಗೆತ್ತಿಕೊಂಡು ಎಲ್ಲಿ ಸವೆದಿದೆ ನೋಡೋಣ. ಟೇಬಲ್ ಆಮೇಲೆ ತೆಗೆದರಾಯ್ತು.