ಉಣಿಸುವ ಮಣ್ಣಿಗೆ ಬೆಲೆ

ಮುಪ್ಪಿನ ದಿನಗಳನ್ನು ಕಳೆಯಲು ಕಡಲ ತೀರದಲ್ಲೊಂದು ಮನೆ, ಎದುರಿಗೆ ತೆಂಗಿನ ಸಾಲು, ಹಿಂದೆ ಹಸಿರು ಬೆಟ್ಟ - ಇಂಥ ಬಯಕೆ ಯಾರಿಗಿಲ್ಲ? ಈ ಬಯಕೆಯನ್ನು ಜಗತ್ತಿನಾದ್ಯಂತ ಕೆರಳಿಸಿದ ತಾಣಗಳಲ್ಲಿ ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಸಮೂಹವು ಅಗ್ರಗಣ್ಯವಾದುದು. ಅದರ ಕರಾವಳಿಯಲ್ಲಿ ವರ್ಷವಿಡೀ ಹಿತಕರ ಹವೆ. 1959ರಲ್ಲಿ ಅಮೆರಿಕದ 50ನೆಯ ರಾಜ್ಯವಾದುದರಿಂದ ಕೊಂಡವರ ಆಸ್ತಿಗೆ ಆ ದೇಶದ ಕಾನೂನಿನ ರಕ್ಷಣೆಯೂ ಉಂಟು. 2012ರಲ್ಲಿ ಒರಾಕಲ್ ಸಂಸ್ಥೆಯ ಲ್ಯಾರಿ ಎಲಿಸನ್ ಅವರು ಲಾನಾಯ್ ದ್ವೀಪದ ಶೇಕಡಾ 98ರಷ್ಟು ಭೂಮಿಯನ್ನೇ ಕೊಂಡರೆಂದ ಮೇಲೆ ಆ ನೆಲದ ಆಕರ್ಷಣೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ಆ ಮಣ್ಣು ಮಾರಾಟದ ಸರಕಾದದ್ದು ಬಹಳ ಹಿಂದೇನೂ ಅಲ್ಲ. ಹವಾಯಿಯ ಮೂಲನಿವಾಸಿಗಳು ಭೂಮಿಯನ್ನು 'ಐನಾ' ಎನ್ನುತ್ತಾರೆ. ಉಣಿಸುವಂಥದು ಎಂದು ಅದರ ಅರ್ಥ. ಬೆಟ್ಟದಿಂದ ಕಡಲವರೆಗೆ ಚಾಚಿದ ನೆಲದ ಪಟ್ಟಿಗಳಲ್ಲಿ ಕೆಸುವನ್ನು ಬೆಳೆದು, ಮೀನು ಹಿಡಿದು ಅವರು ಬಾಳುತ್ತಿದ್ದರು. 1848ರಲ್ಲಿ ಮೂರನೆಯ ಕಮೇಹಮೇಹ ದೊರೆಯ ಕಾಲದಲ್ಲಿ ಭೂಮಿಯು ಅರಸನಿಗೂ ನಾಯಕರಿಗೂ ಹಂಚಿಕೆಯಾಯಿತು. 1850ರಲ್ಲಿ ಪರದೇಶದವರಿಗೂ ಕೊಳ್ಳುವ ಹಕ್ಕು ದೊರೆಯಿತು. ಉಳುವವರೂ ತಮ್ಮ ಪಾಲನ್ನು ಕೇಳಬಹುದೆಂದು ಅದೇ ವರ್ಷ ಶಾಸನವಾಯಿತು ನಿಜ. ಆದರೆ ಅರ್ಜಿ, ಸಾಕ್ಷಿ, ಮೋಜಣಿಗಳ ತೊಡಕನ್ನು ದಾಟಿ ಜನಸಾಮಾನ್ಯರಿಗೆ ದಕ್ಕಿದ್ದು ಒಟ್ಟು ಭೂಮಿಯಲ್ಲಿ ಶೇಕಡಾ 1ಕ್ಕಿಂತಲೂ ಕಡಿಮೆ. 1960ರ ದಶಕದ ಹೊತ್ತಿಗೆ ರಾಜ್ಯದ ಶೇಕಡಾ 47ರಷ್ಟು ಭೂಮಿ ಕೇವಲ 72 ಮಂದಿ ಖಾಸಗಿ ಒಡೆಯರ ವಶದಲ್ಲಿತ್ತು.

ಇದರ ಫಲವನ್ನು ಇಂದಿಗೂ ಕಾಣಬಹುದು. ಓಆಹು ದ್ವೀಪದಲ್ಲಿ ಸಾಮಾನ್ಯ ಮನೆಯೊಂದರ ಬೆಲೆ 2021ರಲ್ಲಿಯೇ 10 ಲಕ್ಷ ಡಾಲರ್ ಮುಟ್ಟಿತು. 2020ರ ಜನಗಣತಿಯ ಪ್ರಕಾರ ಹವಾಯಿ ಮೂಲದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಾಸಿಸುವುದು ಹವಾಯಿಯ ಹೊರಗೆ! 2023ರ ಆಗಸ್ಟ್‌ನಲ್ಲಿ ಮಾವಿ ದ್ವೀಪದ ಲಾಹೈನಾ ಪಟ್ಟಣವು ಬೆಂಕಿಗೆ ಆಹುತಿಯಾಗಿ ನೂರಕ್ಕೂ ಹೆಚ್ಚು ಜನರು ಅಸುನೀಗಿದರು. ಬೂದಿ ಆರುವ ಮುನ್ನವೇ ನೆಲ ಕೊಳ್ಳುವವರ ಕರೆಗಳು ಸಂತ್ರಸ್ತರಿಗೆ ಬರತೊಡಗಿದವು. ಕೇಳದೆ ಬಂದು ಹೀಗೆ ಬೇಡಿಕೆಯಿಡುವುದನ್ನು ನಿಷೇಧಿಸಿ ಗವರ್ನರರು ತುರ್ತು ಆಜ್ಞೆ ಹೊರಡಿಸಬೇಕಾಯಿತು.

ದುಡಿದ ಹಣದಿಂದ ಮನೆ ಕೊಳ್ಳುವುದು ತಪ್ಪಲ್ಲ. ಆದರೆ ದ್ವೀಪದ ನೆಲ ಅಳತೆಗೆ ಸಿಕ್ಕಷ್ಟೇ, ಅದು ಬೆಳೆಯುವುದಿಲ್ಲ. ವರ್ಷಕ್ಕೆ ಎರಡು ವಾರ ಬೀಗ ತೆರೆಯುವ ಮನೆಯೊಂದು ಅಲ್ಲಿ ಎದ್ದರೆ, ವರ್ಷವಿಡೀ ಒಲೆ ಉರಿಯಬೇಕಾದ ಮನೆಯೊಂದಕ್ಕೆ ಎಡೆ ಕಡಿಮೆಯಾಗುತ್ತದೆ. ಪತ್ರ ಶುದ್ಧವಿದೆಯೇ ಎಂದು ಕೊಳ್ಳುವವರೆಲ್ಲರೂ ವಿಚಾರಿಸುತ್ತಾರೆ. ಈ ನೆಲ ಇದುವರೆಗೆ ಯಾರಿಗೆ ಉಣಿಸುತ್ತಿತ್ತು, ಅವರು ಈಗ ಎಲ್ಲಿದ್ದಾರೆ ಎಂದೂ ವಿಚಾರಿಸುವುದು ವಿವೇಕಿಗಳ ಲಕ್ಷಣವಾಗಿದೆ.